ಸಿಕ್ಕು ಬೇರೆ, ಗಂಟು ಬೇರೆ



ಆಷಾಢ ಬಂತೆಂದರೆ ನಮ್ಮ ಹಾವೇರಿ ಜಿಲ್ಲೆಯಲ್ಲಿ ಗಾಳಿಗೆ ಬಿಡುವಿಲ್ಲ. ಹಾನಗಲ್ಲ, ಹಿರೇಕೆರೂರು ಕಡೆಯವರು ಮಳೆ ಹೊಳವಾಗಲೆಂದು ಕಾಯಬೇಕು. ಶಿಗ್ಗಾವಿ, ಸವಣೂರಿನ ಬಯಲಿನವರಿಗೆ ಅಷ್ಟು ಕಾಯುವ ಕಷ್ಟವಿಲ್ಲ. ಗಾಳಿಪಟ ಕಟ್ಟುವುದನ್ನು ಕಲಿಸುವವರು ಬಹಳ. ದಾರ ಸಿಕ್ಕಾದರೆ ಏನು ಮಾಡಬೇಕೆಂದು ಹೇಳುವವರು ಕಡಿಮೆ.

ಸಿಕ್ಕು, ಗಂಟು, ಕಗ್ಗಂಟು ಎಂದು ನಾವು ಮೂರು ಮಾತು ಬಳಸುತ್ತೇವೆ. ಮೂರೂ ಒಂದೇ ಅಲ್ಲ. ದಾರದ ತುದಿ ಕುಣಿಕೆಯೊಳಗೆ ತೂರಿ ಹೊರಬಂದರೆ ಮಾತ್ರ ಅದು ಗಂಟು. ನಿಮ್ಮ ದಾರದ ಒಂದು ತುದಿ ಪಟದ ಸೂತ್ರಕ್ಕೆ ಕಟ್ಟಿದೆ, ಇನ್ನೊಂದು ತುದಿ ಉಂಡೆಯಲ್ಲಿದೆ. ಪಟವೋ ಉಂಡೆಯೋ ಕುಣಿಕೆಯಲ್ಲಿ ನುಸುಳದ ಹೊರತು ಗಂಟು ಬೀಳಲು ದಾರಿಯೇ ಇಲ್ಲ. ನೆಲದ ಮೇಲಿನ ರಾಶಿ ಎಷ್ಟೇ ಹೆದರಿಸಲಿ, ಅದು ಬರೀ ಸಿಕ್ಕು. ಅದನ್ನು ಕಗ್ಗಂಟು ಮಾಡುವುದು ನಮ್ಮ ಅವಸರದ ಕೈ.

ಆದ್ದರಿಂದ ಎಳೆಯಬೇಡಿ, ತುದಿಯನ್ನು ಬಿಚ್ಚಲೂ ಬೇಡಿ. ರಾಶಿಯನ್ನು ಹತ್ತಿಯಂತೆ ಹಗುರವಾಗಿ ಬಿಡಿಸಿ ಅಗಲ ಮಾಡಿ. ಕುಣಿಕೆಗಳನ್ನು ಒಂದೊಂದಾಗಿ ಹೊರಕ್ಕೆ ಸಡಿಲಿಸಿ. ಬಿಗಿದ ಗಂಟೇ ಸಿಕ್ಕಿತೋ, ಎರಡೂ ಕಡೆಯ ದಾರವನ್ನು ಗಂಟಿನತ್ತಲೇ ತಳ್ಳಿ, ಬೆರಳುಗಳ ನಡುವೆ ಹೊಸೆದು, ಸೂಜಿಯ ಮೊನೆಯಿಂದ ಮೀಟಿ. ಬಿಡದಿದ್ದರೆ ಅಷ್ಟು ಭಾಗ ಕತ್ತರಿಸುವುದೇ ಮೇಲು: ಗಂಟು ಬಿದ್ದ ಕಡೆ ದಾರದ ಬಲ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ.

ತುದಿಯ ಮಹಿಮೆ ಎಂಥದೆಂದು ಕ್ಯಾಲಿಫೋರ್ನಿಯಾದ ಇಬ್ಬರು ವಿಜ್ಞಾನಿಗಳು 2007ರಲ್ಲಿ ತೋರಿಸಿದರು. ಬಿಡಿ ದಾರವನ್ನು ಪೆಟ್ಟಿಗೆಯಲ್ಲಿ ಹಾಕಿ ಉರುಳಿಸಿದರು. ಒಂದಲ್ಲ, 3,415 ಸಲ! ಕೆಲವೇ ಕ್ಷಣಗಳಲ್ಲಿ ಗಂಟುಗಳು ಬಿದ್ದವು. ಆದರೆ 46 ಸೆಂ.ಮೀ.ಗಿಂತ, ಎಂದರೆ ನಮ್ಮ ಒಂದು ಮೊಳಕ್ಕಿಂತ ಚಿಕ್ಕ ದಾರದಲ್ಲಿ ಬೀಳಲಿಲ್ಲ.

ಸಿಕ್ಕಿಗೆ ಇನ್ನೊಂದು ಕಾರಣ ಹುರಿ. ಉಂಡೆಯನ್ನು ನೆಲದ ಮೇಲೆ ನಿಲ್ಲಿಸಿ ಮೇಲಿನಿಂದ ದಾರ ಎಳೆದರೆ ಸುತ್ತಿಗೊಂದು ಹುರಿ ಏರುತ್ತದೆ. ಸಡಿಲವಾದೊಡನೆ ದಾರ ತನಗೆ ತಾನೇ ಹೆಣೆದುಕೊಳ್ಳುತ್ತದೆ. ಉಂಡೆಯೇ ತಿರುಗುವಂತೆ ಕಡ್ಡಿಗೆ ಸಿಕ್ಕಿಸಿ. ಕೈಯಲ್ಲಿ ಸುತ್ತುವಾಗ ಹೆಬ್ಬೆರಳು, ಕಿರುಬೆರಳುಗಳ ನಡುವೆ ಇಂಗ್ಲಿಷಿನ 8ರಂತೆ ಸುತ್ತಿ. ಒಂದು ಕಡೆಯ ಹುರಿಯನ್ನು ಇನ್ನೊಂದು ಕಡೆಯದು ಕಳೆಯುತ್ತದೆ. ದೊಡ್ಡ ಪಟದ ಸೆಳೆತದಲ್ಲಿ ಹಲಗೆಯೇರಿ ಸಮುದ್ರದ ಮೇಲೆ ಸಾಗುವ ಕೈಟ್ ಸರ್ಫಿಂಗ್ ಆಟಗಾರರೂ ತಮ್ಮ ದಾರಗಳನ್ನು ಹೀಗೆಯೇ ಸುತ್ತಿಡುತ್ತಾರೆ. ಅವರಿಗಿದು ಪ್ರಾಣದ ಪ್ರಶ್ನೆ: ಗಂಟಿನಿಂದ ಒಂದು ದಾರ ಗಿಡ್ಡವಾದರೂ ಪಟ ಒಂದೇ ಕಡೆಗೆ ವಾಲುತ್ತದೆ.

ನಮ್ಮಲ್ಲಿ ಪ್ರಾಣ ಹೋಗುವುದು ಹಕ್ಕಿಗಳದು. ಬೇಸತ್ತು ಬಿಸಾಡಿದ ಸಿಕ್ಕು ಬೇವಿನ ಕೊಂಬೆಗೆ ತೊಡರಿ ಅವುಗಳ ಕಾಲಿಗೆ, ರೆಕ್ಕೆಗೆ ಸುತ್ತಿಕೊಳ್ಳುತ್ತದೆ. ನೈಲಾನ್ ಮಾಂಜಾ ಬೈಕ್ ಸವಾರರ ಕತ್ತನ್ನೂ ಸೀಳಿದೆ. 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು ದೇಶದಾದ್ಯಂತ ನಿಷೇಧಿಸಿತು. ಹತ್ತಿಯ ದಾರವೇ ಸಾಕು. ವಿದ್ಯುತ್ ತಂತಿಗೆ ಸಿಕ್ಕಿದ್ದನ್ನು ಮಾತ್ರ ಮುಟ್ಟಬೇಡಿ, ದೊಡ್ಡವರಿಗೆ ತಿಳಿಸಿ. ಉಳಿದ ಚೂರುಗಳನ್ನು ಆಯ್ದು ತಂದು, ಗೇಣಿಗಿಂತ ಚಿಕ್ಕದಾಗಿ ಕತ್ತರಿಸಿ ಕಸದ ಬುಟ್ಟಿಗೆ ಹಾಕಿ.