ತೊಣ್ಣೂರು ದಾಟಿ ಬೆಟ್ಟಕ್ಕೆ



ಮೇಲುಕೋಟೆಗೆ ನೀವು ಹೋಗಿರುತ್ತೀರಿ. ವೈರಮುಡಿ ನೋಡಿರುತ್ತೀರಿ, ಪುಳಿಯೋಗರೆ ತಿಂದಿರುತ್ತೀರಿ. ಆದರೆ ಪಾಂಡವಪುರದ ಕಡೆಯಿಂದ ಹೋಗುವಾಗ ಕೆರೆತೊಣ್ಣೂರಿನಲ್ಲಿ ನಿಂತು ನೋಡಿದವರು ಎಷ್ಟು ಜನ? ನಿಂತವರೂ ಕೆರೆಯಲ್ಲಿ ಮುಳುಗು ಹಾಕಿ, ಫೋಟೋ ತೆಗೆದುಕೊಂಡು ಹೊರಟುಬಿಡುತ್ತಾರೆ. ನನಗೆ ಸಂಕಟವಾಗುವುದು ಇದಕ್ಕೇ. ಮೇಲುಕೋಟೆಯ ಬೆಟ್ಟಕ್ಕೂ ಅದರ ಸುತ್ತಲಿನ ಕಾಡಿಗೂ ಬಾಗಿಲು ತೆಗೆದ ಊರು ತೊಣ್ಣೂರು.

ಚೋಳ ರಾಜನ ಕಿರುಕುಳದಿಂದ ರಾಮಾನುಜಾಚಾರ್ಯರು ಶ್ರೀರಂಗ ಬಿಟ್ಟರಲ್ಲ, ಕಾವಿ ತೆಗೆದು ಬಿಳಿ ಬಟ್ಟೆ ಉಟ್ಟು ಹೊರಟರಂತೆ. ಕಾಡುಮೇಡು ಅಲೆದು, ಸಾಲಿಗ್ರಾಮದಲ್ಲಿ ತಂಗಿ, ಕೊನೆಗೆ ಬಂದು ನೆಲೆನಿಂತದ್ದು ತೊಣ್ಣೂರಿನಲ್ಲಿ. ಇಲ್ಲಿನ ಶಿಷ್ಯ ತೊಣ್ಣೂರು ನಂಬಿ ಅವರನ್ನು ಹೊಯ್ಸಳ ಬಿಟ್ಟಿದೇವನ ಬಳಿಗೆ ಕರೆದೊಯ್ದ. ಅರಸನ ಮಗಳಿಗೆ ಹಿಡಿದಿದ್ದ ದೆವ್ವ ಬಿಟ್ಟಿತಂತೆ, ಜೈನನಾಗಿದ್ದ ಬಿಟ್ಟಿದೇವ ವೈಷ್ಣವನಾಗಿ ವಿಷ್ಣುವರ್ಧನನಾದನಂತೆ. ಸಾವಿರ ಮಂದಿ ಜೈನ ವಾದಿಗಳು ಒಟ್ಟಿಗೆ ಪ್ರಶ್ನೆ ಹಾಕಿದಾಗ ಆಚಾರ್ಯರು ತೆರೆಯ ಹಿಂದೆ ಕೂತು ಸಾವಿರ ಹೆಡೆಯ ಶೇಷನಾಗಿ ಒಬ್ಬೊಬ್ಬರಿಗೂ ಉತ್ತರ ಕೊಟ್ಟರೆಂಬ ಕತೆಯೂ ಈ ಊರಿನದೇ. ಇಲ್ಲಿನ ನರಸಿಂಹ ದೇವಾಲಯದಲ್ಲಿ ಹೆಡೆಯೆತ್ತಿದ ಸರ್ಪದ ಕೆಳಗೆ ಕೂತ ರಾಮಾನುಜರನ್ನು ಇವತ್ತೂ ನೋಡಬಹುದು.

ನನಗೆ ಎಲ್ಲಕ್ಕಿಂತ ಇಷ್ಟವಾದ ಕತೆ ಮುಂದಿದೆ. ಒಂದು ದಿನ ಆಚಾರ್ಯರಿಗೆ ನಾಮ ಇಟ್ಟುಕೊಳ್ಳುವ ಬಿಳಿ ಮಣ್ಣು ಮುಗಿದುಹೋಯಿತಂತೆ. ಆ ರಾತ್ರಿ ಕನಸಿನಲ್ಲಿ ದೇವರು ಬಂದು, ಯದುಗಿರಿಯ ಕಾಡಿಗೆ ಬಾ, ಮಣ್ಣೂ ಅಲ್ಲಿದೆ, ನಾನೂ ಅಲ್ಲಿದ್ದೇನೆ ಎಂದ. ಬೆಳಗಾಗುತ್ತಲೇ ಆಚಾರ್ಯರು ತೊಣ್ಣೂರು ಬಿಟ್ಟು, ಮುಳ್ಳುಪೊದೆ ಕಡಿಸಿ ದಾರಿ ಮಾಡಿಸಿಕೊಂಡು ಯದುಗಿರಿ, ಅಂದರೆ ಇಂದಿನ ಮೇಲುಕೋಟೆಯ ಬೆಟ್ಟ ಹತ್ತಿದರು. ತುಳಸಿ ಗಿಡದ ಮಗ್ಗುಲಿನ ಹುತ್ತದಲ್ಲಿ ಚೆಲುವನಾರಾಯಣ ಸಿಕ್ಕ. ಕಲ್ಯಾಣಿಯ ಹತ್ತಿರ ಬಿಳಿ ಮಣ್ಣೂ ಸಿಕ್ಕಿತು. ಒಂದು ಹಿಡಿ ಮಣ್ಣು ಹುಡುಕಿ ಹೊರಟವರಿಂದ ಒಂದು ಕ್ಷೇತ್ರವೇ ಎದ್ದಿತು ನೋಡಿ!

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. ದೆಹಲಿಯ ದಂಡು ಹೊಯ್ಸಳರ ರಾಜಧಾನಿ ದೋರಸಮುದ್ರವನ್ನು ಹಾಳುಗೆಡವಿದ ಮೇಲೆ ಅರಸ ಮುಮ್ಮಡಿ ಬಲ್ಲಾಳ ತೊಣ್ಣೂರಿಗೆ ಬಂದು ಇದ್ದ. 1771ರಲ್ಲಿ ಮೇಲುಕೋಟೆಯಿಂದ ಶ್ರೀರಂಗಪಟ್ಟಣದ ಕಡೆಗೆ ಹಿಂದೆ ಸರಿಯುತ್ತಿದ್ದ ಹೈದರನ ಸೇನೆಯನ್ನು ಮರಾಠರು ಹತ್ತಿರದ ಚಿನಕುರಳಿಯಲ್ಲಿ ನುಚ್ಚುನೂರು ಮಾಡಿದರು. ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು, ಹೈದರ್ ಟಿಪ್ಪುಗಳ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದ ಜಾಗ ಅದು.

ಕೆರೆಯ ವಿಷಯಕ್ಕೆ ಬರೋಣ. ಎರಡು ಕಲ್ಲುಗುಡ್ಡಗಳ ನಡುವಿನ ಕಂಡಿಗೆ ಏರಿ ಕಟ್ಟಿದ್ದಾರೆ, ಅಷ್ಟೇ. ಆದರೆ ಆ ಏರಿಯ ಮೇಲೆ ನಿಂತರೆ ಒಂದು ಕಡೆ ಗುಡ್ಡದ ಬುಡದವರೆಗೂ ನೀರು, ಇನ್ನೊಂದು ಕಡೆ ಆಳದಲ್ಲಿ ಹಸಿರು ಗದ್ದೆ. ಈ ಕೆರೆಯನ್ನು ಯಾದವ ಸಮುದ್ರ, ತಿರುಮಲಸಾಗರ ಎಂದೆಲ್ಲ ಕರೆದರು. 1746ರಲ್ಲಿ ನಿಜಾಮನ ಮಗ ನಾಸಿರ್ ಜಂಗ್ ಮೈಸೂರಿನಿಂದ ಕಪ್ಪ ವಸೂಲಿ ಮಾಡಲು ದಂಡು ಕಟ್ಟಿಕೊಂಡು ಬಂದಿದ್ದ. ಈ ತಿಳಿನೀರು ಕಂಡು ಮೋತಿ ತಾಲಾಬ್, ಮುತ್ತಿನ ಕೆರೆ ಎಂದ. ನಾಲ್ಕೇ ವರ್ಷಕ್ಕೆ ಜಿಂಜಿಯ ಬಳಿ ತನ್ನ ಕಡೆಯ ನವಾಬನ ಗುಂಡಿಗೇ ಬಲಿಯಾದ. ಅವನು ಒಯ್ದ ಕಪ್ಪದ ಲೆಕ್ಕ ಇಲ್ಲಿ ಯಾರಿಗೂ ಬೇಕಿಲ್ಲ, ಇಟ್ಟ ಹೆಸರು ಮಾತ್ರ ಉಳಿಯಿತು.

ಆಚಾರ್ಯರು ನುಗ್ಗಿದ ಕಾಡು ಪೂರ್ತಿ ಹೋಗಿಲ್ಲ. 1974ರಲ್ಲಿ ಸುಮಾರು 50 ಚದರ ಕಿಲೋಮೀಟರ್ ಜಾಗವನ್ನು ವನ್ಯಧಾಮ ಮಾಡಿದರು. ಮುಖ್ಯವಾಗಿ ತೋಳಗಳ ರಕ್ಷಣೆಗೆ! ಮುಡಿಬೆಟ್ಟದ ಕಡೆ ಒಂದು ಭಾಗ, ನಾರಾಯಣದುರ್ಗದ ಕಡೆ ಇನ್ನೊಂದು. ಹುಲಿ, ಆನೆ ಅಂದರೆ ಎದ್ದು ಕೂರುವ ನಾವು ಕುರುಚಲು ಕಾಡಿನ ತೋಳಕ್ಕೆ ಯಾಕೆ ಇಷ್ಟು ಉದಾಸೀನರು? ಇದು ನನ್ನ ದೊಡ್ಡ ಬೇಸರ.

ಆದ್ದರಿಂದ ಮುಂದಿನ ಸಲ ಮೇಲುಕೋಟೆಗೆ ಹೊರಟಾಗ ಬೆಳಿಗ್ಗೆ ಬೇಗ ಎದ್ದು ಹೊರಡಿ. ಮೊದಲು ತೊಣ್ಣೂರಿನ ಏರಿ ಹತ್ತಿ, ಅಲ್ಲಿನ ದೇವಾಲಯದ ನಂಬಿನಾರಾಯಣನನ್ನೂ ಆ ಸರ್ಪದ ನೆರಳಿನ ರಾಮಾನುಜರನ್ನೂ ನೋಡಿಕೊಂಡು ಆಮೇಲೆ ಬೆಟ್ಟಕ್ಕೆ ಹೋಗಿ. ಬಾಟಲಿ, ಪ್ಲಾಸ್ಟಿಕ್ಕನ್ನು ಕೆರೆಗಾಗಲಿ ಕಾಡಿಗಾಗಲಿ ಎಸೆಯಬೇಡಿ, ವಾಪಸ್ ಮನೆಗೆ ತನ್ನಿ.