‘ಮಾರಿಲ್ಲ, ಬಿಟ್ಟೀನಿ’: ಒಂದು ಮಾತು ಸರಿಯಾಗಿ ಕೇಳಲು ಕಟ್ಟಿದ ಆಂಪ್ಲಿಫಯರ್

ಇವತ್ತಿನ ಕಂತಿನಲ್ಲಿ ಅತಿಥಿಗಳು ಯಾರೂ ಇಲ್ಲ. ನಾನು, ಒಂದು ಸ್ಟೀಲಿನ ಎಲೆ-ಅಡಿಕೆ ಡಬ್ಬಿ, ಅದರೊಳಗ ಎರಡು ಬ್ಯಾಟರಿ, ಇಷ್ಟೇ. ಡಬ್ಬಿ ನಮ್ಮ ಅಜ್ಜಿದು. ಈಗ ಅದು ಹೆಡ್‌ಫೋನ್ ಆಂಪ್ಲಿಫಯರ್ ಆಗ್ಯಾದ.

‘ಬಿ.ಕಾಂ. ಓದಿದವನಿಗೆ ಸೋಲ್ಡರಿಂಗ್ ಯಾಕ ಬೇಕಾಗಿತ್ತು’ ಅಂತ ನೀವು ಕೇಳಬಹುದು. ನಮ್ಮ ಮನ್ಯಾಗೂ ಅದನ್ನೇ ಕೇಳಿದರು. ಕಾರಣ ಹೇಳ್ತೀನಿ. ಹೇಳಲಿಕ್ಕೆ ಸ್ವಲ್ಪ ನಾಚಿಕೆ ಆಗ್ತದ, ಆದರೂ ಹೇಳಲೇಬೇಕು.

2020ರ ಅಕ್ಟೋಬರ್‌ನಲ್ಲಿ ಭೀಮಾ ನದಿಗೆ ಬಂದ ಪ್ರವಾಹ ನಮ್ಮ ಕಡೆಯವರು ಮರೆಯುವಂಥದ್ದಲ್ಲ. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರು, ಮೇಲೆ ಮಳೆ, ಎರಡೂ ಕೂಡಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದಿ ದಂಡೆಯ ಊರುಗಳಿಗೆ ನುಗ್ಗಿತು. ಆ ದಿನಗಳನ್ನು ಕಂಡವರ ಮಾತು ದಾಖಲಿಸಬೇಕು ಅಂತ ನಾನು ಹಳ್ಳಿ ತಿರುಗುತ್ತಿದ್ದೆ. ಅಫಜಲಪುರ ತಾಲ್ಲೂಕಿನ ಒಂದು ಊರಿನಲ್ಲಿ ಒಬ್ಬ ಆಯಿ ಸಿಕ್ಕರು. ಕಟ್ಟೆ ಮೇಲೆ ಕೂತು ಮಾತಾಡಿಸಿದೆ. ಬಾಜೂಕ ಹಿಟ್ಟಿನ ಗಿರಣಿ ನಡೆದಿತ್ತು. ಫೋನಿನಾಗೇ ರೆಕಾರ್ಡ್ ಮಾಡಿಕೊಂಡೆ.

‘ಆಯಿ, ಆವಾಗ ಎತ್ತು ಏನ್ ಮಾಡಿದ್ರಿ?’ ಅಂತ ಕೇಳಿದ್ದೆ. ಅವರು ಮೆಲ್ಲಕ ಒಂದು ಮಾತು ಹೇಳಿದರು. ವಾಪಸ್ ಬರುವಾಗ ಕಲಬುರಗಿ ಬಸ್ಸಿನಲ್ಲಿ ಕೂತು ಅದನ್ನ ಕೇಳಿದೆ. ನನಗೆ ಕೇಳಿಸಿದ್ದು: ‘ಎತ್ತ ಮಾರಿ ಬಿಟ್ಟೀನಿ.’ ಅದನ್ನೇ ಕಂತಿನ ತಲೆಬರಹ ಮಾಡಿ ಹಾಕಿಬಿಟ್ಟೆ.

ಮೂರನೇ ದಿನ ಅವರ ಮೊಮ್ಮಗಳು ಫೋನ್ ಮಾಡಿದಳು. ಅವಳ ಕಾಕಾ ಪುಣೆಯಲ್ಲಿ ದುಡೀತಾರ. ವಾಟ್ಸಾಪಿನಲ್ಲಿ ನನ್ನ ಕಂತು ಕೇಳಿ ಸಿಟ್ಟಾಗಿ ಮನೆಗೆ ಫೋನ್ ಹಚ್ಚಿದ್ದರಂತ: ‘ಎತ್ತು ಹೊಳಿಗೆ ಹೋದ್ವು ಅಂದಿದ್ದಿ. ಮಾರಿದ ರೊಕ್ಕ ಎಲ್ಲಿ?’ ಆಯಿ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಮೊಮ್ಮಗಳು ನನಗೆ ಬೈಯಲಿಲ್ಲ. ‘ಅಣ್ಣಾ, ಆಯಿ ಹಂಗ ಅಂದಿಲ್ಲಂತ. ಇನ್ನೊಮ್ಮೆ ಕೇಳ್ರಿ’ ಅಂದಳು, ಅಷ್ಟೇ.

ಆವತ್ತು ರಾತ್ರಿ ಮತ್ತೆ ಕೇಳಿದೆ. ಸೆಕೆಂಡ್ ಹ್ಯಾಂಡ್ ತಗೊಂಡ ಸ್ಟುಡಿಯೊ ಹೆಡ್‌ಫೋನ್ ಒಂದು ನನ್ನ ಹತ್ತಿರ ಇತ್ತು. 250 ಓಮ್‌ದು. ಫೋನಿಗೆ ಹಚ್ಚಿ ವಾಲ್ಯೂಮ್ ಪೂರ್ತಿ ಏರಿಸಿದರೂ ಸಪ್ಪಳ ಸಣ್ಣದು. ತಲೆ ಮೇಲೆ ಫ್ಯಾನ್. ‘ಮಾರಿ’ ಮತ್ತು ‘ಬಿಟ್ಟೀನಿ’ ನಡುವೆ ಏನೋ ಇದ್ದಂಗ ಅನಿಸ್ತದ, ಹಿಡೀಲಿಕ್ಕೆ ಸಿಗ್ತಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕ. ಹೆದರಬ್ಯಾಡ್ರಿ, ಬ್ಯಾಲೆನ್ಸ್ ಶೀಟಿಗಿಂತ ಸರಳ ಅದ. ಹೆಡ್‌ಫೋನಿಗೆ ಸಿಗುವ ಪವರ್ ಅಂದರೆ ವೋಲ್ಟೇಜಿನ ವರ್ಗವನ್ನು ಓಮ್‌ನಿಂದ ಭಾಗಿಸಿದರೆ ಬರುವ ಉತ್ತರ. ಫೋನ್ ಅರ್ಧ ವೋಲ್ಟ್ ಕೊಡ್ತದ ಅನ್ನೋಣ. 0.25 ಭಾಗಿಸು 250, ಅಂದರೆ 1 ಮಿಲಿವಾಟ್. ಅದೇ ಅರ್ಧ ವೋಲ್ಟ್ 32 ಓಮ್‌ನ ಸಾದಾ ಇಯರ್‌ಫೋನಿಗೆ ಹೋದರೆ ಹತ್ತಿರ ಹತ್ತಿರ 8 ಮಿಲಿವಾಟ್. ನನ್ನ ದೊಡ್ಡ ಹೆಡ್‌ಫೋನಿಗೆ ಹೆಚ್ಚು ವೋಲ್ಟೇಜ್ ಬೇಕು. ಅದನ್ನು ಕೊಡೋದೇ ಆಂಪ್ಲಿಫಯರ್ ಕೆಲಸ.

ಅಮೆರಿಕದ ಚು ಮೋಯ್ ಅನ್ನುವವರು 1990ರ ದಶಕದ ಕೊನೆಗೆ ಒಂದು ಸಣ್ಣ ಸರ್ಕ್ಯೂಟ್ ಪ್ರಕಟಿಸಿದರು. ಜಗತ್ತಿನ ಹವ್ಯಾಸಿಗಳೆಲ್ಲ ಅದನ್ನ ‘ಸಿಮೋಯ್’ ಅಂತ ಕರೀತಾರ. ಒಂದು ಐಸಿ, ಕೆಲವು ರೆಸಿಸ್ಟರ್, ಕೆಪಾಸಿಟರ್, ಒಂದು 9 ವೋಲ್ಟ್ ಬ್ಯಾಟರಿ. ಅಲ್ಲಿ ಅದನ್ನ ಪೆಪ್ಪರ್‌ಮಿಂಟ್ ಡಬ್ಬಿಯಲ್ಲಿ ಕೂಡಿಸೋದು ರೂಢಿ. ನಮ್ಮಲ್ಲಿ ಎಲೆ-ಅಡಿಕೆ ಡಬ್ಬಿ ಸಾಕು. ಲೋಹದ ಡಬ್ಬಿಗೆ ಒಂದು ಉಪಯೋಗನೂ ಅದ: ಅದನ್ನ ಸರ್ಕ್ಯೂಟಿನ ಗ್ರೌಂಡಿಗೆ ಜೋಡಿಸಿದರೆ ಹೊರಗಿನ ಗುಂಯ್‌ಗುಡುವ ಸಪ್ಪಳ ಒಳಗೆ ಬರೋದು ಕಡಿಮೆ. ಆದರೆ ತಳಕ್ಕೆ ದಪ್ಪ ರಟ್ಟು ಹಾಕಲೇಬೇಕು, ಇಲ್ಲಾಂದ್ರ ಶಾರ್ಟ್.

ಸಾಮಾನಿಗೆ ಕಲಬುರಗಿ ಸೂಪರ್ ಮಾರ್ಕೆಟ್ ಕಡೆ ಹೋದೆ. ಲೆಕ್ಕ ಬರೆದಿಟ್ಟೀನಿ: ಎನ್‌ಇ5532 ಐಸಿ ಎರಡು, 40 ರೂಪಾಯಿ. ಐಸಿ ಸಾಕೆಟ್ 5. ರೆಸಿಸ್ಟರ್ 20. ಕೆಪಾಸಿಟರ್ 30. ವಾಲ್ಯೂಮ್ ಕಂಟ್ರೋಲ್ 40. ಜಾಕ್ ಎರಡು 60. ಬ್ಯಾಟರಿ ಎರಡು 60. ಸ್ವಿಚ್ 20. ಡಾಟ್ ಬೋರ್ಡ್ 30. ಒಟ್ಟು 305. ಸೋಲ್ಡರಿಂಗ್ ಐರನ್ 250, ಮಲ್ಟಿಮೀಟರ್ 300. ಎಲ್ಲಾ ಸೇರಿ 855 ರೂಪಾಯಿ. ಸೋಲ್ಡರಿಂಗ್ ಕಲಿಸಿದ್ದು ಜೇವರ್ಗಿಯಲ್ಲಿ ಮೊಬೈಲ್ ರಿಪೇರಿ ಮಾಡುವ ಗೆಳೆಯ. ಅವನ ಫೀಸು ಎರಡು ಕಪ್ ಚಹಾ.

ಒಂದು ಬದಲಾವಣೆ ಮೊದಲೇ ಮಾಡಿಕೊಂಡೆ. ಎನ್‌ಇ5532ಕ್ಕೆ ಕಂಪನಿ ಹೇಳುವ ಕನಿಷ್ಠ ಸಪ್ಲೈ ಪ್ಲಸ್ 5, ಮೈನಸ್ 5 ವೋಲ್ಟ್. ಒಂದೇ 9 ವೋಲ್ಟ್ ಬ್ಯಾಟರಿಯನ್ನು ಎರಡು ಪಾಲು ಮಾಡಿದರೆ ನಾಲ್ಕೂವರೆ, ನಾಲ್ಕೂವರೆ. ಸಾಲಲ್ಲ. ಅದಕ್ಕ ಎರಡು ಬ್ಯಾಟರಿ ಹಾಕಿದೆ. ಎರಡೂ ಒಟ್ಟಿಗೇ ಆನ್, ಒಟ್ಟಿಗೇ ಆಫ್ ಆಗುವಂಥ ಸ್ವಿಚ್ ಬೇಕು, ಇದನ್ನ ನೆನಪಿಡ್ರಿ.

ಕಟ್ಟಿದ್ದಾಯ್ತು. ಕೈ ಹೆಡ್‌ಫೋನ್ ಕಡೆ ಹೋಯ್ತು. ಗೆಳೆಯ ಕೈ ಹಿಡಿದ. ‘ಮೊದಲು ಮೀಟರ್ ಹಚ್ಚಲೇ.’ ಹೆಡ್‌ಫೋನ್ ಇಲ್ಲದೆ, ಹಾಡು ಇಲ್ಲದೆ, ಬರೀ ಔಟ್‌ಪುಟ್ಟಿನ ಡಿಸಿ ವೋಲ್ಟೇಜ್ ನೋಡಬೇಕು. ಅಲ್ಲಿ ಸೊನ್ನೆಯ ಹತ್ತಿರ ಇರಬೇಕು. ಎಡಗಡೆ ಸುಮಾರು 0.2 ವೋಲ್ಟ್ ಇತ್ತು. ಬಲಗಡೆ ಏಳೂವರೆ ವೋಲ್ಟ್! ಫೀಡ್‌ಬ್ಯಾಕ್ ರೆಸಿಸ್ಟರಿನ ಒಂದು ಕಾಲು ಡ್ರೈ ಸೋಲ್ಡರ್ ಆಗಿತ್ತು. ಕಣ್ಣಿಗೆ ಬೆಸುಗೆ ಕಾಣ್ತದ, ಒಳಗೆ ಕೂಡಿಲ್ಲ. ಅವಸರ ಮಾಡಿ ಹೆಡ್‌ಫೋನ್ ಹಾಕಿದ್ದರೆ ಕಿವಿಗೆ ಜೋರಾಗಿ ಟಪ್ ಅಂತಿತ್ತು, ಕಾಯಿಲ್ ಸುಡುವ ಅಪಾಯನೂ ಇತ್ತು.

ಬೆಸುಗೆ ಸರಿ ಮಾಡಿದ ಮೇಲೆ ಎರಡೂ ಕಡೆ ಅದೇ 0.2 ವೋಲ್ಟ್ ಉಳೀತು, ಅಂದರೆ 200 ಮಿಲಿವೋಲ್ಟ್. ಹವ್ಯಾಸಿಗಳು ಇದು 20 ಮಿಲಿವೋಲ್ಟ್ ಒಳಗಿರಲಿ ಅಂತಾರ. ತಪ್ಪು ಎಲ್ಲಿ? ಎರಡು ದಿನ ತಲೆ ಕೆಡಿಸಿಕೊಂಡೆ. ತಪ್ಪು ಬೆಸುಗೆಯದಲ್ಲ, ನಾನು ಹಾಕಿದ ಐಸಿದು. ಚು ಮೋಯ್ ಅವರ ಸರ್ಕ್ಯೂಟ್ ಬೇರೆ ಜಾತಿಯ ಐಸಿಗೆ ಮಾಡಿದ್ದು. ಅದರ ಇನ್‌ಪುಟ್ ಕರೆಂಟ್ ಎಳೆಯೋದು ಇಲ್ಲವೇ ಇಲ್ಲ ಅನ್ನುವಷ್ಟು. ನನ್ನ ಎನ್‌ಇ5532 ಸಾಧಾರಣವಾಗಿ 200 ನ್ಯಾನೊ ಆಂಪಿಯರ್ ಎಳೀತದ. ಬಹಳ ಕಡಿಮೆನೇ, ಆದರೆ ಅದು 1 ಲಕ್ಷ ಓಮ್ ರೆಸಿಸ್ಟರಿನಲ್ಲಿ ಹಾದು ಬಂದರೆ 20 ಮಿಲಿವೋಲ್ಟ್ ಆಗ್ತದ. ಸರ್ಕ್ಯೂಟ್ ಅದನ್ನ 11 ಪಟ್ಟು ಮಾಡ್ತದ. 220. ಮೀಟರ್ ತೋರಿಸಿದ್ದಕ್ಕೆ ತಾಳೆ ಆಯ್ತು ನೋಡ್ರಿ. ಟ್ರಯಲ್ ಬ್ಯಾಲೆನ್ಸ್ ಕೂಡಿದಾಗ ಆಗುವ ಖುಷಿ ಅವತ್ತು ಆಯ್ತು.

ಪರಿಹಾರ: 1 ಲಕ್ಷ ಓಮ್ ತೆಗೆದು 10 ಸಾವಿರ ಓಮ್ ಹಾಕಿದೆ. ಹಂಗ ಮಾಡಿದರೆ ದಪ್ಪ ದನಿ ಕಡಿಮೆ ಆಗ್ತದ, ಅದಕ್ಕ ಇನ್‌ಪುಟ್ ಕೆಪಾಸಿಟರ್ 0.1ರ ಬದಲು 1 ಮೈಕ್ರೊಫ್ಯಾರಡ್ ಹಾಕಿದೆ. ಒಂದನ್ನು ಹತ್ತು ಪಟ್ಟು ಇಳಿಸಿ, ಇನ್ನೊಂದನ್ನು ಹತ್ತು ಪಟ್ಟು ಏರಿಸಿದರೆ ಕೆಳಗಿನ ಮಿತಿ ಅದೇ 16 ಹರ್ಟ್ಜ್ ಉಳೀತದ. ಮೇಲಾಗಿ 11 ಪಟ್ಟು ನನಗೆ ಬೇಕಾಗಿರಲೇ ಇಲ್ಲ. ಫೀಡ್‌ಬ್ಯಾಕ್ ರೆಸಿಸ್ಟರ್ 2.2 ಸಾವಿರ ಓಮ್ ಮಾಡಿ 3.2 ಪಟ್ಟಿಗೆ ಇಳಿಸಿದೆ. ಈಗ ಮೀಟರಿನಲ್ಲಿ 7 ಮಿಲಿವೋಲ್ಟ್.

ಆಮೇಲೆ ಹೆಡ್‌ಫೋನ್ ಬದಲು 220 ಓಮ್ ರೆಸಿಸ್ಟರ್ ಹಚ್ಚಿ, ಫೋನಿನ ಟೋನ್ ಆಪ್‌ನಿಂದ 200 ಹರ್ಟ್ಜ್ ದನಿ ಬಿಟ್ಟೆ. ಒಳಗೆ 0.10 ವೋಲ್ಟ್, ಹೊರಗೆ 0.32. ಎರಡೂ ಕಡೆ ಸಮ. ಅದಾದ ಮೇಲೇ ಹಳೇ ಅಗ್ಗದ ಇಯರ್‌ಫೋನ್, ಅದಾದ ಮೇಲೆ ದೊಡ್ಡ ಹೆಡ್‌ಫೋನ್. ಲೆಕ್ಕದ ಪ್ರಕಾರ ಈಗ 250 ಓಮ್‌ಗೆ 1 ಮಿಲಿವಾಟಿನ ಬದಲು 10.

ಆಯಿಯ ಮಾತು ಹಾಕಿದೆ. ‘ಎತ್ತ ಮಾರಿಲ್ಲ, ಬಿಟ್ಟೀನಿ.’

ಮಾರಿಲ್ಲ. ಬಿಟ್ಟೀನಿ. ರಾತ್ರಿ ನೀರು ಏರಿದಾಗ ಕಣ್ಣಿ ಬಿಚ್ಚಿ ಬಿಟ್ಟಿದ್ದರು, ಬದುಕಿದರೆ ಬದುಕಲಿ ಅಂತ. ‘ಲ್ಲ’ ಅನ್ನುವ ಒಂದು ಅಕ್ಷರ ನಾನು ನುಂಗಿದ್ದೆ.

ಆದರೆ ಪರೀಕ್ಷೆ ಇಲ್ಲಿಗೆ ಮುಗಿಸಲಿಲ್ಲ. ಯಾಕಂದ್ರ ಆಯಿ ಏನಂದಿದ್ದಾರಂತ ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದದ್ದು ಕಿವಿಗೆ ಬೇಗ ಕೇಳಿಸ್ತದ. ಅದಕ್ಕ ಆಳಂದದ ನಮ್ಮ ಮನೆಯಲ್ಲಿ, ವಿಷಯ ಗೊತ್ತಿಲ್ಲದ ಆರು ಮಂದಿಗೆ ಕೇಳಿಸಿದೆ. ಫ್ಯಾನ್ ಹಾಕಿ, ದೊಡ್ಡ ಹೆಡ್‌ಫೋನ್ ಬರೀ ಫೋನಿಗೆ ಹಚ್ಚಿ ಮೂವರಿಗೆ ಕೇಳಿಸಿದರೆ, ಇಬ್ಬರು ‘ಮಾರಿ ಬಿಟ್ಟೀನಿ’ ಅಂದರು, ಒಬ್ಬರು ‘ತಿಳೀವಲ್ದು’ ಅಂದರು. ಆಂಪ್ಲಿಫಯರ್ ಹಚ್ಚಿ ಬೇರೆ ಮೂವರಿಗೆ ಕೇಳಿಸಿದೆ, ಮೂವರೂ ‘ಮಾರಿಲ್ಲ’ ಅಂದರು. ಆಂಪ್ಲಿಫಯರ್ ಗಿರಣಿ ಸಪ್ಪಳ ತೆಗೆಯೋದಿಲ್ಲ, ಮಾತನ್ನೂ ಗಿರಣಿಯನ್ನೂ ಕೂಡೇ ಏರಿಸ್ತದ. ಆದರೆ ನನ್ನ ಕೋಣೆಯ ಫ್ಯಾನನ್ನು ಏರಿಸೋದಿಲ್ಲ. ಹಂಗಾಗಿ ಸಣ್ಣ ಅಕ್ಷರ ಫ್ಯಾನಿಗಿಂತ ಮೇಲೆ ಬಂತು. ಆರು ಮಂದಿ ಅಂದರೆ ಸಂಶೋಧನೆ ಅಲ್ಲ, ಅದು ನನಗೆ ಗೊತ್ತು.

ಆಮೇಲೆ ಇನ್ನಿಬ್ಬರು ಗೆಳೆಯರನ್ನು ಕರೆದೆ. ಅವರಿಗೂ ಏನೂ ಗೊತ್ತಿರಲಿಲ್ಲ. ಈ ಸಲ ಫ್ಯಾನ್ ಬಂದ್ ಮಾಡಿದೆ. ಕದ ಹಾಕಿದೆ. 150 ರೂಪಾಯಿ ಇಯರ್‌ಫೋನ್ ನೇರ ಫೋನಿಗೆ. ಇಬ್ಬರೂ ‘ಮಾರಿಲ್ಲ’ ಅಂದರು.

ಅಂದರೆ ಡಬ್ಬಿ ಇಲ್ಲದಿದ್ದರೂ ಕೇಳಿಸ್ತಿತ್ತು. ಆ ದಿನ ಬಸ್ಸಿನಲ್ಲಿ ಕೂತು, ಕಂತು ಬೇಗ ಹಾಕುವ ಅವಸರದಲ್ಲಿ ಕೇಳಿದ್ದು ನಾನು. 855 ರೂಪಾಯಿ ಖರ್ಚು ಮಾಡಿ ನಾನು ಕಂಡುಹಿಡಿದ ದೋಷ ನಂದೇ ಆಗಿತ್ತು.

ನಿಮಗೆ ಇದು ಬೇಕಾ? ನಿಮ್ಮದು ಸಾದಾ 32 ಓಮ್ ಇಯರ್‌ಫೋನ್ ಇದ್ದರೆ ಬೇಡ. ಅದಕ್ಕೆ ಫೋನೇ ಸಾಕು. ಎನ್‌ಇ5532 ಹೆಚ್ಚು ಕರೆಂಟ್ ಕೊಡುವ ಐಸಿ ಅಲ್ಲ, 32 ಓಮ್‌ಗೆ ವಾಲ್ಯೂಮ್ ಏರಿಸಿದರೆ ದನಿ ಒಡೀತದ. ಸಪ್ಪಳದ ಮಟ್ಟ ಮೀಟರಿನಿಂದ ಸಮ ಮಾಡಿ, ಗೆಳೆಯ ಗುಟ್ಟಾಗಿ ಬದಲಿಸುತ್ತ ಹೋದಾಗ, ಫೋನ್ ಯಾವುದು, ಡಬ್ಬಿ ಯಾವುದು ಅಂತ ಹತ್ತರಲ್ಲಿ ಐದು ಸಲ ಸರಿ ಹೇಳಿದೆ. ನಾಣ್ಯ ಚಿಮ್ಮಿದರೂ ಅಷ್ಟೇ ಬರ್ತಿತ್ತು. ಜೋರಾಗಿ ಕೇಳಿಸಿದ್ದೆಲ್ಲ ನಮಗೆ ಚಲೋ ಅನಿಸ್ತದ, ಮೋಸ ಹೋಗಬ್ಯಾಡ್ರಿ.

ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬಲ್. ಪ್ರತಿ 3 ಡೆಸಿಬಲ್ ಏರಿದರೆ ಸಮಯ ಅರ್ಧ. 83ಕ್ಕೆ 20 ಗಂಟೆ, 86ಕ್ಕೆ 10. ನನ್ನ ಡಬ್ಬಿ ಒಂದೇ ಸಲಕ್ಕೆ 10 ಡೆಸಿಬಲ್ ಏರಿಸಬಲ್ಲದು. ಅದಕ್ಕ ವಾಲ್ಯೂಮ್ ಸೊನ್ನೆಯಿಂದ ಶುರು ಮಾಡ್ರಿ. ಕಿವಿಗೆ ಬಿಡಿಭಾಗ ಯಾವ ಮಾರ್ಕೆಟ್ಟಿನಾಗೂ ಸಿಗಲ್ಲ.

ಡಬ್ಬಿ ತಗೊಂಡು ಆ ಊರಿಗೆ ಮತ್ತೆ ಹೋದೆ. ಅದೇ ಕಟ್ಟೆ, ಅದೇ ಗಿರಣಿ. ಕೈ ಮುಗಿದು ‘ತಪ್ಪಾಯ್ತು ಆಯಿ’ ಅಂದೆ. ಹೆಡ್‌ಫೋನ್ ಅವರ ಸೆರಗಿನ ಮೇಲಿಂದಲೇ ಹಾಕಿ, ಅವರದೇ ದನಿ ಕೇಳಿಸಿದೆ. ಪೂರ್ತಿ ಕೇಳಿದರು. ತೆಗೆದು ಕೈಗೆ ಕೊಟ್ಟು ಅಂದರು: ‘ಇಷ್ಟ್ ಕೇಳಾಕ ನಿನಗ ಡಬ್ಬಿ ಬೇಕಾಯ್ತೇನು ತಮ್ಮಾ? ಎದುರಿಗಿ ಕುಂತಿದ್ದೆಲ್ಲಾ, ಇನ್ನೊಮ್ಮೆ ಕೇಳಿದ್ರ ಹೇಳ್ತಿದ್ದೆ.’

ಪುಣೆಗೆ ನಾನೇ ಫೋನ್ ಹಚ್ಚಿ ಅವರ ಮಗನಿಗೆ ಆ ತುಣುಕು ಕೇಳಿಸಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಅವ್ವನ ಕೈಗೆ ಕೊಡ್ರಿ’ ಅಂದರು. ನಾನು ಎದ್ದು ಗಿರಣಿ ಕಡೆ ಹೋಗಿ ನಿಂತೆ.

ಹಳೆಯ ಕಂತಿನ ತಲೆಬರಹ ಬದಲಿಸೀನಿ, ತಿದ್ದುಪಡಿ ಮೊದಲ ನಿಮಿಷದಲ್ಲೇ ಓದೀನಿ. ಈಗ ಒಂದು ನಿಯಮ ಮಾಡಿಕೊಂಡೀನಿ: ಯಾರ ಮಾತನ್ನು ತಲೆಬರಹ ಮಾಡ್ತೀನೋ, ಹಾಕುವ ಮೊದಲು ಅವರಿಗೆ ಫೋನ್ ಮಾಡಿ ಓದಿ ಹೇಳ್ತೀನಿ. ಖರ್ಚು ಏನೂ ಇಲ್ಲ, ಎರಡು ನಿಮಿಷ.

ಮುಂದಿನ ಕಂತಿನಲ್ಲಿ ಜೇವರ್ಗಿ ಕಡೆಯ ತತ್ವಪದ ಹಾಡುವವರ ಜೊತೆ ಸಿಗೋಣ. ಅವರ ಮಾತು ಈಗಾಗಲೇ ಎರಡು ಸಲ ಓದಿ ಹೇಳಿ ಒಪ್ಪಿಗೆ ತಗೊಂಡೀನಿ. ಬರ್ತೀನ್ರೀ. ವಾಲ್ಯೂಮ್ ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ.