ಈಜು ಬಾರದ ಕುಟುಂಬದ ಕಡಲ ವಿಹಾರ

ದೀಪಾವಳಿಯ ರಜೆ ಬಂತೆಂದರೆ ಅಹ್ಮದಾಬಾದ್, ವಡೋದರ ಮತ್ತು ಸೂರತ್ ನಗರಗಳ ಕುಟುಂಬಗಳು ಪ್ರವಾಸದ ಯೋಜನೆಯಲ್ಲಿ ತೊಡಗುತ್ತವೆ. ಉದ್ಯೋಗ, ವ್ಯಾಪಾರ ಮತ್ತು ವಿದ್ಯಾಭ್ಯಾಸದ ನಿಮಿತ್ತ ಈ ನಗರಗಳಲ್ಲಿ ನೆಲೆಸಿರುವ ಕನ್ನಡಿಗರೂ ಇದಕ್ಕೆ ಹೊರತಲ್ಲ. ಇತ್ತೀಚಿನ ವರ್ಷಗಳಲ್ಲಿ ಕಡಲ ವಿಹಾರ, ಅದರಲ್ಲೂ ಮುಖಕ್ಕೆ ಗಾಜಿನ ಮುಖವಾಡ ಕಟ್ಟಿಕೊಂಡು, ಬಾಯಲ್ಲಿ ಉಸಿರು ಕೊಳವೆ ಕಚ್ಚಿಕೊಂಡು, ನೀರಿನ ಮೇಲೆ ತೇಲುತ್ತ ಹವಳದ ಲೋಕವನ್ನು ನೋಡುವ ಸ್ನಾರ್ಕೆಲ್ ವಿಹಾರ ಜನಪ್ರಿಯವಾಗುತ್ತಿದೆ. ಆದರೆ ಹೊರಡುವ ಕುಟುಂಬದ ರಚನೆಯನ್ನು ಗಮನಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ತಂದೆಗೆ ಹಳ್ಳಿಯ ಬಾವಿಯಲ್ಲಿ ಕಲಿತ ಅಲ್ಪಸ್ವಲ್ಪ ಈಜು ನೆನಪಿದೆ. ತಾಯಿಗೆ ಈಜು ತಿಳಿಯದು. ಮಕ್ಕಳು ಈಜುಕೊಳದಲ್ಲಿ ಕೆಲವು ವಾರ ಅಭ್ಯಾಸ ಮಾಡಿದ್ದಾರೆ. ಅಜ್ಜಿಗೆ ಬಸ್ಸು ಹತ್ತಿದರೂ ವಾಕರಿಕೆ. ಇಂತಹ ಕುಟುಂಬ ಅಪವಾದವಲ್ಲ, ಸರ್ವೇಸಾಮಾನ್ಯ. ಆದುದರಿಂದ ಯೋಜನೆಯು ಕುಟುಂಬದ ಅತ್ಯಂತ ಸಮರ್ಥ ಈಜುಗಾರನನ್ನಲ್ಲ, ಅತ್ಯಂತ ದುರ್ಬಲ ಸದಸ್ಯರನ್ನು ಆಧಾರವಾಗಿಟ್ಟುಕೊಂಡು ರೂಪುಗೊಳ್ಳಬೇಕು.

ಮೊದಲ ಪ್ರಶ್ನೆ ಸ್ಥಳದ್ದು. ಈ ಮೂರು ನಗರಗಳಿಗೆ ಅತ್ಯಂತ ಸಮೀಪದ ಸಮುದ್ರವೆಂದರೆ ಖಂಭಾತ್ ಕೊಲ್ಲಿ. ಸಾಬರಮತಿ, ಮಹೀ, ನರ್ಮದಾ ಮತ್ತು ತಾಪಿ ನದಿಗಳು ಇದೇ ಕೊಲ್ಲಿಗೆ ಬಂದು ಸೇರುತ್ತವೆ. ಅವು ಹೊತ್ತು ತರುವ ಹೂಳು ಮತ್ತು ಪ್ರಬಲವಾದ ಉಬ್ಬರವಿಳಿತಗಳಿಂದಾಗಿ ಇಲ್ಲಿನ ನೀರು ಸದಾ ಕದಡಿರುತ್ತದೆ. ಭಾವನಗರದ ಬಳಿ ಉಬ್ಬರ ಮತ್ತು ಇಳಿತಗಳ ನಡುವಣ ಅಂತರ 10 ಮೀಟರನ್ನೂ ಮೀರುವುದುಂಟು. ಆಲಂಗದಲ್ಲಿ ಹಳೆಯ ಹಡಗುಗಳನ್ನು ಒಡೆಯುವ ಉದ್ಯಮ ಬೆಳೆಯಲು ಈ ಭಾರೀ ಉಬ್ಬರವೇ ಕಾರಣ. ಬೃಹತ್ ಹಡಗನ್ನೇ ದಡಕ್ಕೆ ತಂದು ಕೂರಿಸಬಲ್ಲ ನೀರಿನಲ್ಲಿ ಮಕ್ಕಳನ್ನು ಇಳಿಸುವುದು ವಿವೇಕವಲ್ಲ. ಸೂರತ್ ಸಮೀಪದ ಡುಮಸ್ ಮತ್ತು ಸುವಾಲಿ ತೀರಗಳು ಸಂಜೆಯ ತಿರುಗಾಟಕ್ಕೆ ಸೂಕ್ತವೇ ಹೊರತು ಸ್ನಾರ್ಕೆಲ್ ವಿಹಾರಕ್ಕಲ್ಲ.

ಹವಳವನ್ನು ಕಾಣಬೇಕಾದರೆ ಸೌರಾಷ್ಟ್ರವನ್ನು ದಾಟಿ ಕಚ್ಛ್ ಕೊಲ್ಲಿಯ ದಕ್ಷಿಣ ದಂಡೆಗೆ ಹೋಗಬೇಕು. ಜಾಮ್‌ನಗರವನ್ನು ಕೇಂದ್ರವಾಗಿಟ್ಟುಕೊಂಡು ಇಲ್ಲಿ ಭಾರತದ ಪ್ರಥಮ ಸಾಗರ ರಾಷ್ಟ್ರೀಯ ಉದ್ಯಾನ 1982ರಲ್ಲಿ ಘೋಷಿತವಾಯಿತು. ಕೊಲ್ಲಿಯ 42 ದ್ವೀಪಗಳು, ಹವಳದ ದಿಬ್ಬಗಳು ಮತ್ತು ಕಾಂಡ್ಲಾ ಕಾಡುಗಳು ಈ ಪ್ರದೇಶದ ಸಂಪತ್ತು. ಅಹ್ಮದಾಬಾದಿನಿಂದ ಜಾಮ್‌ನಗರಕ್ಕೆ 300 ಕಿಲೋಮೀಟರಿಗೂ ಹೆಚ್ಚಿನ ದೂರವಿದೆ. ವಡೋದರದವರಿಗೆ ಇದಕ್ಕೆ ಇನ್ನೂ ನೂರು ಕಿಲೋಮೀಟರಿಗಿಂತ ಅಧಿಕ ದೂರ ಸೇರುತ್ತದೆ. ಸೂರತ್ತಿನವರಿಗೆ ಇನ್ನೊಂದು ಮಾರ್ಗವೂ ಉಂಟು. 2020ರ ನವೆಂಬರ್ 8ರಂದು ಉದ್ಘಾಟನೆಗೊಂಡ ಹಜೀರಾ–ಘೋಘಾ ಹಡಗು ಸೇವೆಯು, ಸುಮಾರು 370 ಕಿಲೋಮೀಟರುಗಳ ರಸ್ತೆಯ ದೂರವನ್ನು ಸುಮಾರು 90 ಕಿಲೋಮೀಟರುಗಳ ಜಲಮಾರ್ಗಕ್ಕೆ ಇಳಿಸಿತು. ಹಡಗು ಹೊರಡುವ ದಿನ ಮತ್ತು ವೇಳೆಯನ್ನು ಮುಂಚಿತವಾಗಿ ವಿಚಾರಿಸಿಕೊಳ್ಳಬೇಕು. ಕಡಲ ಪ್ರಯಾಣದಲ್ಲಿ ಯಾರಿಗೆ ತಲೆ ಸುತ್ತುತ್ತದೆ, ಯಾರಿಗೆ ಇಲ್ಲ ಎಂಬುದನ್ನು ಚಿಕ್ಕ ದೋಣಿಗೆ ಹತ್ತುವ ಮುನ್ನವೇ ತಿಳಿಯಲು ಈ ದೊಡ್ಡ ಹಡಗಿನ ಪ್ರಯಾಣ ಒಳ್ಳೆಯ ಅವಕಾಶ.

ಈಜು ಬಾರದವರಿಗೆ ಕಚ್ಛ್ ಕೊಲ್ಲಿಯಲ್ಲಿ ಇರುವ ಅನುಕೂಲ ದೇಶದ ಬೇರೆಡೆ ಅಪರೂಪ. ಜಾಮ್‌ನಗರದಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿ, ವಾಡಿನಾರ್ ಬಳಿ ನರಾರಾ ಎಂಬ ಹವಳದ ದಿಬ್ಬವಿದೆ. ಇಳಿತದ ವೇಳೆ ಇಲ್ಲಿ ನೀರು ಬಹುದೂರ ಹಿಂದೆ ಸರಿಯುತ್ತದೆ. ಆಗ ಪಾದರಕ್ಷೆ ಧರಿಸಿ, ಮೊಣಕಾಲಿಗಿಂತ ಕೆಳಗಿನ ನೀರಿನಲ್ಲಿ ನಡೆದುಕೊಂಡೇ ಹವಳ, ನಕ್ಷತ್ರ ಮೀನು, ಕಡಲ ಸೌತೆ, ಏಡಿ, ಅದೃಷ್ಟವಿದ್ದರೆ ಅಷ್ಟಪದಿ ಮತ್ತು ಉಬ್ಬುವ ಮೀನುಗಳನ್ನು ನೋಡಬಹುದು. ದೋಣಿಯ ಅಗತ್ಯವಿಲ್ಲದ ಕಾರಣ ವಾಂತಿಯ ಭಯವಿಲ್ಲ. ಈಜುವ ಪ್ರಮೇಯವೂ ಇಲ್ಲ. ಅರಣ್ಯ ಇಲಾಖೆಯ ಅನುಮತಿ ಪಡೆದು, ಸ್ಥಳೀಯ ಮಾರ್ಗದರ್ಶಕರೊಡನೆ ಮಾತ್ರವೇ ಹೋಗಬೇಕು. ಅಜ್ಜಿಯಿಂದ ಮೊಮ್ಮಗುವಿನವರೆಗೆ ಇಡೀ ಕುಟುಂಬ ಒಟ್ಟಾಗಿ ಹವಳವನ್ನು ಕಾಣುವ ಮಾರ್ಗ ಇದೇ ಆಗಿದೆ. ಈಜಬಲ್ಲವರು ಸ್ನಾರ್ಕೆಲ್ ವಿಹಾರವನ್ನು ಬಯಸಿದಲ್ಲಿ ಅದನ್ನು ದ್ವಾರಕೆಯ ಬಳಿಯ ಶಿವರಾಜಪುರದಂತಹ ತೀರದಲ್ಲಿ ಪ್ರತ್ಯೇಕವಾಗಿ ಇಟ್ಟುಕೊಳ್ಳಬಹುದು. 2020ರಲ್ಲಿ ಭಾರತದ ಎಂಟು ಕಡಲ ತೀರಗಳಿಗೆ ನೀಲಿ ಧ್ವಜದ ಮಾನ್ಯತೆ ದೊರೆತಾಗ ಶಿವರಾಜಪುರವೂ, ಕರ್ನಾಟಕದ ಕಾಸರಕೋಡು ಮತ್ತು ಪಡುಬಿದ್ರೆಯೂ ಆ ಪಟ್ಟಿಯಲ್ಲಿದ್ದವು. ರಜೆಗೆ ಊರಿಗೆ ಬಂದವರು ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪಕ್ಕೆ ಹೋಗುವುದೂ ಉಂಟು. ಆದರೆ ಅಲ್ಲಿಗೆ ತೆರೆದ ಕಡಲಿನಲ್ಲಿ ದೋಣಿಯ ಪ್ರಯಾಣ ಅನಿವಾರ್ಯವಾದುದರಿಂದ, ವಾಕರಿಕೆಯ ಪ್ರವೃತ್ತಿಯುಳ್ಳವರು ದಡದಲ್ಲಿ ಉಳಿಯುವುದೇ ಲೇಸು.

ದಿನದ ಆಯ್ಕೆಯಲ್ಲಿ ಪಂಚಾಂಗವೇ ಮಾರ್ಗದರ್ಶಿ. ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರವಿಳಿತಗಳು ಪ್ರಬಲವಾಗಿರುತ್ತವೆ. ಅಷ್ಟಮಿಯ ಆಸುಪಾಸಿನಲ್ಲಿ ಮಂದವಾಗಿರುತ್ತವೆ. ನರಾರಾದಲ್ಲಿ ನಡೆದು ನೋಡುವವರಿಗೆ ನೀರು ಹೆಚ್ಚು ಸರಿಯುವ ಹುಣ್ಣಿಮೆ, ಅಮಾವಾಸ್ಯೆಗಳ ಸಮೀಪದ ದಿನಗಳು ಅನುಕೂಲ. ದೋಣಿಯಲ್ಲಿ ಹೋಗಿ ನೀರಿಗೆ ಇಳಿಯುವವರಿಗೆ ಸೆಳೆತ ಕಡಿಮೆಯಿರುವ ಅಷ್ಟಮಿಯ ಸಮೀಪದ ದಿನಗಳು ಅನುಕೂಲ. ಹೀಗೆ ಎರಡು ವಿಹಾರಗಳಿಗೆ ಎರಡು ಬಗೆಯ ದಿನಗಳು ಬೇಕಾಗುವುದರಿಂದ, ಎರಡನ್ನೂ ಒಂದೇ ದಿನಕ್ಕೆ ಸೇರಿಸುವ ಆತುರ ಸಲ್ಲದು. ಇಳಿತದ ವೇಳೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷಗಳಷ್ಟು ಮುಂದೆ ಹೋಗುತ್ತದೆ. ನಿನ್ನೆ ಬಂದವರ ವೇಳೆಯನ್ನು ಇಂದು ನಂಬಬಾರದು. ಸಪಾಟಾದ ದಿಬ್ಬದ ಮೇಲೆ ನೀರು ಮರಳುವಾಗ ಹಿಂಬದಿಯ ತಗ್ಗುಗಳು ಮೊದಲು ತುಂಬುತ್ತವೆ. ಮುಂದೆ ನೋಡುತ್ತ ಮೈಮರೆತವರಿಗೆ ಹಿಂದಿನ ದಾರಿ ಮುಚ್ಚಿಹೋದದ್ದು ತಿಳಿಯುವುದಿಲ್ಲ. ಆದ್ದರಿಂದ ಮಾರ್ಗದರ್ಶಕರು ಹೊರಡಿರೆಂದ ಕ್ಷಣವೇ ಹಿಂದಿರುಗಬೇಕು. ಋತುವಿನ ದೃಷ್ಟಿಯಿಂದ ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಉತ್ತಮ. ಮುಂಗಾರಿನ ತಿಂಗಳುಗಳಲ್ಲಿ ಕಡಲಿಗೆ ಇಳಿಯುವ ಮಾತೇ ಬೇಡ. ಕಚ್ಛದ ಜಖಾವು ಬಳಿ 2023ರ ಜೂನ್ 15ರಂದು ಅಪ್ಪಳಿಸಿದ ಬಿಪರ್‌ಜಾಯ್ ಚಂಡಮಾರುತ ಈ ತೀರದ ಜನರಿಗೆ ಇನ್ನೂ ನೆನಪಿದೆ. ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಹೊರಡುವ ಮುನ್ನಾದಿನವೂ, ಅದೇ ದಿನ ಬೆಳಿಗ್ಗೆಯೂ ಗಮನಿಸಬೇಕು.

ನೀರಿನ ಅಪಾಯ ಕಡಲಿಗೆ ಮಾತ್ರ ಸೀಮಿತವಲ್ಲ. ವಡೋದರ ನಗರದ ಮಧ್ಯದಲ್ಲಿರುವ ಸುರ್‌ಸಾಗರ ಕೆರೆಯಲ್ಲಿ 1993ರ ಆಗಸ್ಟಿನಲ್ಲಿ ದೋಣಿ ಮುಳುಗಿ 22 ಮಂದಿ ಜೀವ ಕಳೆದುಕೊಂಡರು. ಮೂವತ್ತು ವರ್ಷಗಳ ನಂತರ, 2024ರ ಜನವರಿ 18ರಂದು, ಅದೇ ನಗರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಮಕ್ಕಳ ದೋಣಿ ಮಗುಚಿ 12 ವಿದ್ಯಾರ್ಥಿಗಳು ಮತ್ತು ಇಬ್ಬರು ಶಿಕ್ಷಕಿಯರು ಅಸುನೀಗಿದರು. ಕರ್ನಾಟಕದಲ್ಲಿ, ಕಾರವಾರದ ಬಳಿಯ ಕೂರ್ಮಗಡ ದ್ವೀಪದ ಜಾತ್ರೆಗೆ ಹೋದವರ ದೋಣಿ 2019ರ ಜನವರಿ 21ರಂದು ಮಗುಚಿ 16 ಮಂದಿ ಮೃತಪಟ್ಟರು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದ ತೀರದಲ್ಲಿ ನೀರಾಟಕ್ಕಿಳಿದಿದ್ದ ನಾಲ್ವರು ವಿದ್ಯಾರ್ಥಿನಿಯರು ಅಲೆಗಳ ಪಾಲಾದರು. ಹರಣಿಯ ದೋಣಿಯಲ್ಲಿ ಮಿತಿಮೀರಿ ಜನರನ್ನು ಹತ್ತಿಸಲಾಗಿತ್ತು. ಎಲ್ಲರಿಗೂ ಜೀವರಕ್ಷಕ ಜಾಕೆಟ್ ಇರಲಿಲ್ಲ. ಇವೆರಡೂ ಹತ್ತುವ ಮೊದಲೇ ಕಣ್ಣಿಗೆ ಕಾಣುವ ಲೋಪಗಳು. ಕಂಡರೆ ಹತ್ತದಿರುವ ಹಕ್ಕು ಪ್ರತಿಯೊಬ್ಬ ಪ್ರಯಾಣಿಕನಿಗೂ ಇದೆ. ಕೊಟ್ಟ ಹಣ ಹೋದೀತೆಂಬ ಸಂಕೋಚಕ್ಕೆ ಜೀವವನ್ನು ಒತ್ತೆಯಿಡಬಾರದು.

ಹತ್ತುವ ಮುನ್ನ ದೋಣಿಯವರನ್ನು ಕೇಳಬೇಕಾದುದು ಇಷ್ಟು: ದೋಣಿಗೆ ಎಷ್ಟು ಜನರ ಅನುಮತಿ ಇದೆ? ಇಂದು ಎಷ್ಟು ಜನ ಹತ್ತಲಿದ್ದಾರೆ? ಪ್ರತಿಯೊಬ್ಬರಿಗೂ, ಮಕ್ಕಳ ಅಳತೆಯೂ ಸೇರಿದಂತೆ, ಜಾಕೆಟ್ ಇದೆಯೇ? ನೀರಿನಲ್ಲಿ ಜೊತೆಗಿರುವ ರಕ್ಷಕ ಯಾರು? ಜಾಕೆಟನ್ನು ಆಸನದ ಕೆಳಗಿಡದೆ ದಡದಲ್ಲಿಯೇ ಧರಿಸಿ, ಎಲ್ಲ ಪಟ್ಟಿಗಳನ್ನೂ ಬಿಗಿಯಬೇಕು. ಧರಿಸಿದವರ ಭುಜದ ಬಳಿ ಜಾಕೆಟನ್ನು ಹಿಡಿದು ಮೇಲಕ್ಕೆತ್ತಿದಾಗ ಅದು ಕಿವಿಯವರೆಗೆ ಜಾರಿದರೆ ಅಳತೆ ಸರಿಯಿಲ್ಲವೆಂದು ತಿಳಿಯಬೇಕು. ಗಾಳಿ ತುಂಬಿದ ಟ್ಯೂಬು, ಆಟಿಕೆಯ ತೋಳುಪಟ್ಟಿಗಳು ಜಾಕೆಟಿಗೆ ಬದಲಿಯಲ್ಲ.

ಸ್ನಾರ್ಕೆಲ್ ಉಪಕರಣ ನೋಡಲು ಸರಳ. ಆದರೆ ಮುಖವನ್ನು ನೀರಿನಲ್ಲಿಟ್ಟು ಬಾಯಿಂದ ಮಾತ್ರ ಉಸಿರಾಡುವುದು ಅಭ್ಯಾಸವಿಲ್ಲದವರಿಗೆ ಗಾಬರಿ ಹುಟ್ಟಿಸುತ್ತದೆ. ಆದ್ದರಿಂದ ಮೊದಲ ಪಾಠ ಕಡಲಿನಲ್ಲಿ ಆಗಬಾರದು. ಹೊರಡುವ ಒಂದೆರಡು ತಿಂಗಳು ಮೊದಲು, ಊರಿನ ಈಜುಕೊಳದಲ್ಲಿ, ಕಾಲಿಗೆ ನೆಲ ಸಿಗುವ ಆಳದಲ್ಲಿ ಅಭ್ಯಾಸ ಪ್ರಾರಂಭಿಸಬೇಕು. ಮುಖವಾಡವನ್ನು ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರು ಒಳಗೆಳೆದುಕೊಂಡಾಗ ಅದು ಕಚ್ಚಿ ನಿಂತರೆ ಅಳತೆ ಸರಿ. ದಪ್ಪ ಮೀಸೆಯವರಿಗೆ ನೀರು ಒಳನುಗ್ಗುವುದು ಸಹಜ. ಕೊಳವೆಗೆ ನೀರು ಬಂದರೆ ಜೋರಾಗಿ ಊದಿ ಹೊರಹಾಕುವುದನ್ನೂ, ಮುಖವಾಡ ತೆಗೆದು ಬೆನ್ನ ಮೇಲೆ ತೇಲುವುದನ್ನೂ ಕೊಳದಲ್ಲಿಯೇ ರೂಢಿಸಿಕೊಳ್ಳಬೇಕು. ಕೊಳವೆಯನ್ನು ಉದ್ದ ಮಾಡಿಕೊಂಡು ಆಳಕ್ಕೆ ಹೋಗಬಹುದೆಂಬ ಭಾವನೆ ಅಪಾಯಕಾರಿ. ಉದ್ದ ಕೊಳವೆಯಲ್ಲಿ ಬಿಟ್ಟ ಉಸಿರೇ ಮರಳಿ ಒಳಗೆ ಬರುತ್ತದೆ. ನೀರಿನ ಒತ್ತಡದಿಂದ ಎದೆ ಹಿಗ್ಗದಾಗುತ್ತದೆ. ಹೃದ್ರೋಗ, ಆಸ್ತಮಾ, ಮೂರ್ಛೆರೋಗ ಇರುವವರು ವೈದ್ಯರ ಸಲಹೆಯಿಲ್ಲದೆ ನೀರಿಗಿಳಿಯಬಾರದು.

ಇನ್ನು ವಾಕರಿಕೆಯ ವಿಚಾರ. ಒಳಕಿವಿಯಲ್ಲಿರುವ ಸಮತೋಲನದ ಅಂಗ ದೇಹ ತೂಗಾಡುತ್ತಿದೆಯೆಂದು ಮಿದುಳಿಗೆ ತಿಳಿಸುತ್ತದೆ. ದೋಣಿಯ ಒಳಗನ್ನೇ ನೋಡುತ್ತಿರುವ ಕಣ್ಣು ಎಲ್ಲವೂ ಸ್ಥಿರವಾಗಿದೆಯೆನ್ನುತ್ತದೆ. ಈ ಎರಡು ವರದಿಗಳ ವಿರೋಧವೇ ತಲೆಸುತ್ತು ಮತ್ತು ವಾಂತಿಗೆ ಮೂಲ. ಇದು ಮನೋದೌರ್ಬಲ್ಯವಲ್ಲ, ಹಾಸ್ಯ ಮಾಡುವ ವಿಷಯವೂ ಅಲ್ಲ. ಇಂತಹವರು ಕಡಿಮೆ ತೂಗುವ ದೋಣಿಯ ಮಧ್ಯಭಾಗದಲ್ಲಿ ಕುಳಿತು, ದೂರದ ದಿಗಂತವನ್ನು ನೋಡುತ್ತಿರಬೇಕು. ಮೊಬೈಲ್ ಮತ್ತು ಪುಸ್ತಕಗಳನ್ನು ಬದಿಗಿಡಬೇಕು. ಹಿಂದಿನ ರಾತ್ರಿ ಸಾಕಷ್ಟು ನಿದ್ರೆ ಅವಶ್ಯಕ. ಬೆಳಿಗ್ಗೆ ಖಾಲಿ ಹೊಟ್ಟೆಯೂ ಬೇಡ. ಫಾಫಡಾ, ಪೂರಿಗಳಂತಹ ಕರಿದ ತಿಂಡಿಯೂ ಬೇಡ. ಇಡ್ಲಿ, ಬಾಳೆಹಣ್ಣಿನಂತಹ ಲಘು ಆಹಾರ ಸಾಕು. ಒಂದು ತುಂಡು ಶುಂಠಿ ಕೆಲವರಿಗೆ ಉಪಶಮನ ನೀಡುತ್ತದೆ.

ಮಾತ್ರೆಯ ವಿಷಯದಲ್ಲಿ ಎರಡು ಮಾತು ಮುಖ್ಯ. ವಾಂತಿ ತಡೆಯುವ ಮಾತ್ರೆ ವಾಂತಿ ಪ್ರಾರಂಭವಾದ ಮೇಲೆ ಹೆಚ್ಚು ಪ್ರಯೋಜನಕಾರಿಯಲ್ಲ. ವೈದ್ಯರು ಹೇಳಿದಷ್ಟು ಮುಂಚಿತವಾಗಿ ಅದನ್ನು ಸೇವಿಸಿರಬೇಕು. ಎರಡನೆಯದಾಗಿ, ಇಂತಹ ಹಲವು ಮಾತ್ರೆಗಳು ಮಂಪರು ತರುತ್ತವೆ. ಮಂಪರಿನಲ್ಲಿರುವ, ಅದರಲ್ಲೂ ಈಜು ಸರಿಯಾಗಿ ಬಾರದ ವ್ಯಕ್ತಿ ನೀರಿಗಿಳಿಯುವುದು ಒಂದು ಅಪಾಯವನ್ನು ತಪ್ಪಿಸಲು ಇನ್ನೊಂದನ್ನು ಆಹ್ವಾನಿಸಿದಂತೆ. ಮಾತ್ರೆ ತೆಗೆದುಕೊಂಡು ಮಂಪರಾದವರು ದೋಣಿಯಲ್ಲಿಯೇ ಉಳಿಯಬೇಕು. ಮಾತ್ರೆ ತನಗೆ ಹೇಗೆ ಹಿಡಿಸುತ್ತದೆಂಬುದನ್ನು ಮನೆಯಲ್ಲಿರುವ ದಿನವೇ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಮಕ್ಕಳು, ಗರ್ಭಿಣಿಯರು, ವೃದ್ಧರು ಮತ್ತು ಬೇರೆ ಔಷಧಿ ಸೇವಿಸುತ್ತಿರುವವರು ವೈದ್ಯರನ್ನು ಕೇಳದೆ ಇದನ್ನು ಬಳಸಬಾರದು. ವಾಂತಿಯಿಂದ ಬಳಲಿದವರಿಗೆ ಓಆರ್‌ಎಸ್ ದ್ರಾವಣವನ್ನು ಗುಟುಕು ಗುಟುಕಾಗಿ ಕೊಡಬೇಕು. ಆ ದಿನ ಅವರನ್ನು ನೀರಿಗೆ ಇಳಿಸಬಾರದು.

ನೀರಿನಲ್ಲಿ ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರ ಇರಬೇಕು. ಮಗುವಿಗೆ ಕೈ ಚಾಚಿದರೆ ಎಟಕುವಷ್ಟು ಸಮೀಪದಲ್ಲಿ ಒಬ್ಬ ಹಿರಿಯರಿರಬೇಕು. ಕುಟುಂಬದ ಒಬ್ಬರು ನೀರಿಗಿಳಿಯದೆ ಎಲ್ಲರ ಮೇಲೂ ಕಣ್ಣಿಡುವ ಹೊಣೆ ಹೊರಬೇಕು. ಮುಳುಗುವ ವ್ಯಕ್ತಿ ಸಿನಿಮಾಗಳಲ್ಲಿ ತೋರಿಸುವಂತೆ ಕೂಗುವುದು ವಿರಳ. ಬಹುತೇಕ ನಿಶ್ಶಬ್ದವಾಗಿಯೇ ಮುಳುಗುತ್ತಾನೆ. ಈಜು ಬಲ್ಲದವರು ರಕ್ಷಿಸಲು ಹಾರಿದರೆ ಇಬ್ಬರ ಜೀವವೂ ಹೋಗುತ್ತದೆ. ಹಗ್ಗ, ಕೋಲು, ಜಾಕೆಟ್, ಖಾಲಿ ಕ್ಯಾನು, ಏನು ಸಿಗುತ್ತದೋ ಅದನ್ನು ಚಾಚಬೇಕು ಅಥವಾ ಎಸೆಯಬೇಕು. ಮೇಲಕ್ಕೆ ತಂದವರನ್ನು ತಲೆಕೆಳಗಾಗಿ ತೂಗಿಸುವುದು, ತಲೆಯ ಮೇಲೆ ಹೊತ್ತು ಸುತ್ತುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ನಮ್ಮ ಹಳ್ಳಿಗಳಲ್ಲಿ ಇನ್ನೂ ಉಳಿದಿರುವ ತಪ್ಪು ಪದ್ಧತಿಗಳು. ಅವು ಅಮೂಲ್ಯ ನಿಮಿಷಗಳನ್ನು ವ್ಯರ್ಥ ಮಾಡುತ್ತವೆ. ಉಸಿರಾಟ ನಿಂತಿದ್ದರೆ ತಕ್ಷಣ ಬಾಯಿಯಿಂದ ಬಾಯಿಗೆ ಉಸಿರು ಕೊಟ್ಟು, ನಂತರ ಎದೆಯ ಮಧ್ಯಭಾಗದಲ್ಲಿ 30 ಬಾರಿ ಒತ್ತಿ 2 ಬಾರಿ ಉಸಿರು ಕೊಡುವ ಕ್ರಮವನ್ನು ನೆರವು ಬರುವವರೆಗೆ ಮುಂದುವರಿಸಬೇಕು. ಚೇತರಿಸಿಕೊಂಡವರನ್ನೂ ಆಸ್ಪತ್ರೆಗೆ ತೋರಿಸುವುದು ಅವಶ್ಯಕ. ಆಂಬುಲೆನ್ಸಿಗೆ 108, ತುರ್ತು ನೆರವಿಗೆ 112, ಸಮುದ್ರದಲ್ಲಿನ ರಕ್ಷಣೆಗೆ ಕರಾವಳಿ ಕಾವಲು ಪಡೆಯ 1554 ಸಂಖ್ಯೆಗಳನ್ನು ಕುಟುಂಬದ ಎಲ್ಲರೂ ತಿಳಿದಿರಬೇಕು.

ನೋಡಲು ಹೋದ ಹವಳವೂ ಒಂದು ಜೀವವೆಂಬುದನ್ನು ಮರೆಯಲಾಗದು. ವರ್ಷಕ್ಕೆ ಕೆಲವೇ ಮಿಲಿಮೀಟರು ಅಥವಾ ಸೆಂಟಿಮೀಟರುಗಳಷ್ಟು ಬೆಳೆಯುವ ಹವಳ ಒಂದು ಹೆಜ್ಜೆಗೆ ಮುರಿಯುತ್ತದೆ. ಅದನ್ನು ಮುಟ್ಟುವುದು, ಮೆಟ್ಟುವುದು, ಕಿತ್ತು ತರುವುದು ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಹವಳಕ್ಕೆ ರಕ್ಷಣೆ ಇದ್ದು, ಅದನ್ನು ಸಂಗ್ರಹಿಸುವುದು ಶಿಕ್ಷಾರ್ಹ ಅಪರಾಧ.

ಇಷ್ಟೆಲ್ಲ ಸಿದ್ಧತೆಯ ನಂತರವೂ ಗಾಳಿ ಎದ್ದರೆ, ಮಗು ಹೆದರಿದರೆ, ಜಾಕೆಟ್ ಒಂದು ಕಡಿಮೆಯಾದರೆ ವಿಹಾರವನ್ನು ಕೈಬಿಡುವ ಧೈರ್ಯ ಇರಬೇಕು. ಹಾಗೆ ಕೈಬಿಡುವ ನಿರ್ಧಾರವನ್ನು ಯಾರು ಕೈಗೊಳ್ಳಬೇಕೆಂಬುದು ಮನೆಯಲ್ಲಿಯೇ ತೀರ್ಮಾನವಾಗಿರಲಿ. ಮನೆಯ ಚಿಕ್ಕವರು "ಬೇಡ" ಎಂದರೂ ಆ ಮಾತಿಗೆ ಬೆಲೆಯಿರಲಿ. ಕಡಲು ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ. ಹೊರಟ ಎಲ್ಲರೂ ಮನೆಗೆ ಮರಳುವುದೇ ವಿಹಾರದ ನಿಜವಾದ ಯಶಸ್ಸು.